ಗ್ಲೆಂಡಾಳ ಸಣ್ಣ ಸ್ಟಾಂಪು

ನೆವಿಲ್ ಟ್ಯಾಸ್ಕರ್ ಎಂಬ ಅರವತ್ತೆಂಟು ವರ್ಷದ ಗೃಹಸ್ಥನಿಗೆ ಈ ಭೂಮಂಡಲದಲ್ಲಿ ಹೆದರಿಕೆ ಇದ್ದದ್ದು ಎರಡಕ್ಕೇ. ಒಂದು, ಅವನ ಹೃದಯ. ಹೋದ ವರ್ಷ ಅದರೊಳಗೆ ಡಾಕ್ಟರು ಒಂದು ಸಣ್ಣ ಕೊಳವೆ ತೂರಿಸಿದ್ದರು. ಇನ್ನೊಂದು, ಅವನ ಹೆಂಡತಿ ಗ್ಲೆಂಡಾ. ಮೊದಲನೆಯದಕ್ಕೆ ಮಾತ್ರೆ ಇತ್ತು.

ಈ ಎರಡು ಹೆದರಿಕೆಗಳೂ ಒಟ್ಟಿಗೇ ಎದೆಯ ಮೇಲೆ ಬಂದು ಕೂತದ್ದು ರಾನ್ ಪಿಕ್‌ವೆಲ್‌ನ ಮಣ್ಣಿನ ದಿನ. ರಾನ್ ಮತ್ತು ನೆವಿಲ್ ಗ್ರಿಮ್ಸ್‌ಬಿ ಎಂಬ ಇಂಗ್ಲಿಷ್ ಬಂದರೂರಿನ ಮೀನಿನ ದಕ್ಕೆಯಲ್ಲಿ ಜೊತೆಗೇ ಹಡಗಿನಿಂದ ಮೀನಿಳಿಸಿದವರು. ಮಣ್ಣು ಮುಗಿಸಿ ಎಲ್ಲರೂ ಕ್ಲಬ್ಬಿನಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ತಿನ್ನುತ್ತಿದ್ದಾಗ ರಾನ್‌ನ ಹೆಂಡತಿ ಸಿಲ್ವಿಯಾ ತಣ್ಣಗೆ ಒಂದು ಮಾತು ಹೇಳಿದಳು. ತನಗೆ ಬರುವ ಪಿಂಚಣಿ ಮನೆ ಬೆಚ್ಚಗಿಡುವ ಗ್ಯಾಸಿಗೂ ಸಾಲದು, ಮದುವೆಯಾದ ಹೊಸದರಲ್ಲಿ ರಾನ್ ತನ್ನಿಂದ ಸಣ್ಣ ಸ್ಟಾಂಪಿಗೆ ಸಹಿ ಹಾಕಿಸಿಬಿಟ್ಟಿದ್ದ, ಈಗ ಅವನ ಪಿಂಚಣಿ ಅವನ ಜೊತೆಗೇ ಮಣ್ಣಿಗೆ ಹೋಯಿತು ಅಂತ. ಪಾಪ, ಅವನಿಗೇನು ಗೊತ್ತಿತ್ತು ಎಂದು ಇನ್ನೊಂದು ಕೇಕಿಗೆ ಕೈ ಚಾಚಿದಳು. ನೆವಿಲ್ ಕಚ್ಚಿದ ಸ್ಯಾಂಡ್‌ವಿಚ್ಚನ್ನು ತಟ್ಟೆಗೆ ವಾಪಸ್ಸಿಟ್ಟ.

ದುಡಿಯುವವರ ಸಂಬಳದಲ್ಲಿ ಪಿಂಚಣಿಗೆಂದು ಸರ್ಕಾರ ವಾರವಾರ ಮುರಿದುಕೊಳ್ಳುವ ದುಡ್ಡಿಗೆ ಆ ಕಡೆ ಇವತ್ತಿಗೂ ಸ್ಟಾಂಪು ಎಂದೇ ಹೆಸರು. ಆ ಕಾಲದಲ್ಲಿ ಮದುವೆಯಾದ ಹೆಂಗಸರು ಬೇಕೆಂದರೆ ಒಂದು ಫಾರಂ ತುಂಬಿ ಸಣ್ಣ ಸ್ಟಾಂಪು ಕಟ್ಟಬಹುದಿತ್ತು. ಕೈಗೆ ನಾಲ್ಕು ಕಾಸು ಹೆಚ್ಚಾಗಿ ಬರುತ್ತಿತ್ತು. ಮುಪ್ಪಿನಲ್ಲಿ ಮಾತ್ರ ಸ್ವಂತದ್ದು ಅಂತ ಏನೂ ಇಲ್ಲ, ಗಂಡನ ಪಿಂಚಣಿಯ ಬಾಲ ಹಿಡಿದುಕೊಂಡೇ ದಾಟಬೇಕು. ಸಾವಿರದ ಒಂಬೈನೂರ ಎಪ್ಪತ್ತಾರರ ಬೇಸಿಗೆಯಲ್ಲಿ, ಮದುವೆಯಾಗಿ ಮೂರು ವಾರವೂ ಆಗಿರಲಿಲ್ಲ, ನೆವಿಲ್ ಆ ಫಾರಂ ತಂದು ಹತ್ತೊಂಬತ್ತರ ಗ್ಲೆಂಡಾಳ ಮುಂದಿಟ್ಟಿದ್ದ. "ನಾನಿರೋವಾಗ ನಿನಗ್ಯಾಕೆ ಚಿನ್ನ ಪಿಂಚಣಿ?" ಎಂದು ಮೀಸೆ (ಆಗ ಇತ್ತು) ತಿರುವಿದ್ದ. ಅವಳು ಸಹಿ ಹಾಕಿದಳು. ಅವನೇ ಹೋಗಿ ಅಂಚೆಗೆ ಹಾಕಿ ಬಂದ. ಆಮೇಲೆ ನಲವತ್ತಾರು ವರ್ಷ ಅದನ್ನು ಮರೆತೇಬಿಟ್ಟಿದ್ದ.

ಈಗ ಗ್ಲೆಂಡಾಳಿಗೆ ಬರುವ ಮಾರ್ಚಿಗೆ ಅರವತ್ತಾರು ತುಂಬುತ್ತದೆ. ದಿನಕ್ಕೆ ಹತ್ತು ಸಲ ಅವಳ ಬಾಯಲ್ಲಿ "ನನ್ನ ಪಿಂಚಣಿ ಬರಲಿ" ಎಂಬ ಮಾತು. ಪಿಂಚಣಿ ಬರಲಿ, ಅಡುಗೆಮನೆಗೆ ಹೊಸ ನೆಲ ಹಾಕಿಸೋಣ. ಪಿಂಚಣಿ ಬರಲಿ, ಮೇಬಲ್‌ಥಾರ್ಪ್ ಕಡಲತೀರದಲ್ಲಿ ಕಾರವಾನ್ ಎಂಬ ಗಾಲಿಮನೆ ಬಾಡಿಗೆಗೆ ಹಿಡಿದು ಹದಿನೈದು ದಿನ ಇರೋಣ. ಅವಳು ಹಾಗೆಂದಾಗಲೆಲ್ಲ ನೆವಿಲ್‌ನ ಎದೆಯ ಕೊಳವೆ ಒಂದು ಸುತ್ತು ತಿರುಗಿದಂತಾಗುತ್ತಿತ್ತು. ಬೈಗುಳದ ಭಯ ಒಂದು ಕಡೆ, ಅದು ಅಭ್ಯಾಸವಾಗಿತ್ತು. ಆದರೆ ನಿಜವಾಗಿ ಅವನ ನಿದ್ದೆ ಕೆಡಿಸಿದ್ದು ಬೇರೆ. ನಾಳೆ ಈ ಹೃದಯ ಕೈಕೊಟ್ಟರೆ ಗ್ಲೆಂಡಾ ಒಬ್ಬಳೇ ತಣ್ಣನೆ ಮನೆಯಲ್ಲಿ ಕೂತು ಕೋಟು ಹೊದ್ದು ಚಹಾ ಕುಡಿಯಬೇಕಾಗುತ್ತದಲ್ಲ, ಅದೂ ತನ್ನ ಕೈಯಾರೆ ಮಾಡಿದ್ದರಿಂದ, ಎಂಬುದು.

ಮೊದಲು ಗುಟ್ಟಾಗಿ ಪತ್ತೆ ಮಾಡೋಣ, ಆಮೇಲೆ ಸಾಯುವುದೋ ಬದುಕುವುದೋ ನೋಡಿಕೊಳ್ಳೋಣ ಎಂದುಕೊಂಡ. ಆದರೆ ಪತ್ತೆ ಮಾಡುವುದೆಲ್ಲಿ? ಮನೆಯ ಕಾಗದಪತ್ರವೆಲ್ಲ ಗ್ಲೆಂಡಾಳ ಬಟ್ಟೆಯ ಕಪಾಟಿನಲ್ಲಿ. ದಕ್ಕೆಯ ಕಡೆ ಒಂದು ಪದ್ಧತಿ ಇತ್ತು. ಶುಕ್ರವಾರ ಸಂಬಳದ ಲಕೋಟೆಯನ್ನು ಒಡೆಯದೆ ಹೆಂಡತಿಯ ಕೈಗೆ ಕೊಡುವವನೇ ಗಂಡಸು. ಅವಳು ಅದರಿಂದ ತೆಗೆದು ಕೊಟ್ಟ ಚಿಲ್ಲರೆಯಲ್ಲಿ ಅವನು ಬಿಯರ್ ಕುಡಿಯಬೇಕು. ನೆವಿಲ್ ಅಪ್ಪಟ ಗಂಡಸು. ಲಕೋಟೆಯಷ್ಟೇ ಅಲ್ಲ, ಮನೆಗೆ ಬಂದ ಒಂದು ಕಾಗದವನ್ನೂ ಅವನು ಒಡೆದವನಲ್ಲ. ಆ ಕಪಾಟಿಗೆ ಕೈ ಹಾಕುವುದೂ ಬ್ಯಾಂಕಿಗೆ ಕನ್ನ ಹಾಕುವುದೂ ಅವನಿಗೆ ಒಂದೇ.

ಲೈಬ್ರರಿಗೆ ಹೋದ. ಅಲ್ಲಿ ಕಂಪ್ಯೂಟರಿನ ಮುಂದೆ ಕೂರಿಸಿದ ಹೆಂಗಸು, ಇದೆಲ್ಲ ಐದು ನಿಮಿಷದ ಕೆಲಸ ಎಂದಳು. ಕಂಪ್ಯೂಟರ್ ಈಮೇಲ್ ಕೇಳಿತು. ಇಲ್ಲ. ಮೊಬೈಲ್ ನಂಬರ್ ಕೇಳಿತು. ಇಲ್ಲ. ಗ್ಲೆಂಡಾಳ ಪಾಸ್‌ಪೋರ್ಟ್ ಕೇಳಿತು. ಟ್ಯಾಸ್ಕರ್ ದಂಪತಿ ಸಮುದ್ರ ದಾಟಿದವರೇ ಅಲ್ಲ. ಡ್ರೈವಿಂಗ್ ಲೈಸೆನ್ಸ್ ಕೇಳಿತು. ಅವಳು ಸೈಕಲ್ ಕೂಡ ಹತ್ತಿದವಳಲ್ಲ. ಕರೆಂಟಿನ ಬಿಲ್ಲು, ನೀರಿನ ಬಿಲ್ಲು ಎಲ್ಲ ನೆವಿಲ್ ಹೆಸರಿನಲ್ಲಿ. ಹೀಗಾದರೆ ಗ್ಲೆಂಡಾ ಟ್ಯಾಸ್ಕರ್ ಎಂಬವರು ಇದ್ದಾರೆ ಅಂತ ಇದು ನಂಬುವುದಿಲ್ಲ ಎಂದಳು ಲೈಬ್ರರಿಯವಳು.

"ಇದ್ದಾಳೆ ತಾಯಿ," ಎಂದ ನೆವಿಲ್ ನಿಟ್ಟುಸಿರು ಬಿಟ್ಟು. "ನಲವತ್ತಾರು ವರ್ಷದಿಂದ ಇದ್ದಾಳೆ. ನಾನೇ ಸಾಕ್ಷಿ."

ಉಳಿದದ್ದು ಫೋನು. ಮಂಗಳವಾರ ಗ್ಲೆಂಡಾ ಚರ್ಚಿನ ಹಾಲಿಗೆ ಕುರ್ಚಿಯ ಮೇಲೆ ಕೂತು ಮಾಡುವ ವ್ಯಾಯಾಮಕ್ಕೆ ಹೋಗುತ್ತಾಳೆ. ಅವಳು ಗೇಟು ದಾಟಿದ್ದೇ ತಡ, ನೆವಿಲ್ ಪಿಂಚಣಿ ಆಫೀಸಿಗೆ ಫೋನು ಮಾಡಿದ. ಮುಕ್ಕಾಲು ಗಂಟೆ ಪಿಟೀಲು ಕೇಳಿಸಿದರು. ಕೊನೆಗೊಬ್ಬ ವಿನಯವಂತ ಗುಮಾಸ್ತ ಸಿಕ್ಕಿದ. ಹೆಂಡತಿಯ ಪಿಂಚಣಿಯ ವಿಷಯ ಹೆಂಡತಿಗೆ ಮಾತ್ರ ಹೇಳಲಾಗುತ್ತದೆ, ದಯವಿಟ್ಟು ಅವರಿಗೆ ಫೋನು ಕೊಡಿ ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡನಲ್ಲ! ನೆವಿಲ್ ಫೋನನ್ನು ಮೇಜಿನ ಮೇಲಿಟ್ಟ. ಕೇಳಿಸುವಂತೆ ನಾಲ್ಕು ಹೆಜ್ಜೆ ಆಚೆ ಹೋದ, ನಾಲ್ಕು ಹೆಜ್ಜೆ ಈಚೆ ಬಂದ. (ಈಚೆ ಬರುವಾಗ ಹೆಂಗಸಿನ ಹಾಗೆ ಹಗುರವಾಗಿ ಕಾಲಿಟ್ಟ. ಪಾತ್ರದಲ್ಲಿ ಅಷ್ಟು ತಲ್ಲೀನ.) ಫೋನೆತ್ತಿ ಸಣ್ಣ ದನಿಯಲ್ಲಿ, "ಹಲೋ, ನಾನು ಗ್ಲೆಂಡಾ," ಎಂದ.

ಗುಮಾಸ್ತ ವಿನಯ ಬಿಡಲಿಲ್ಲ.

"ಶೀತ ಆಗಿದೆಯಾ ಮೇಡಂ?"

"ಹೂಂ. ದಕ್ಕೆಯ ಗಾಳಿ ನೋಡಿ."

ಗುಮಾಸ್ತ ಹುಟ್ಟಿದ ದಿನ ಕೇಳಿದ. ಅದನ್ನು ಮರೆತ ವರ್ಷ ಏನಾಗಿತ್ತೆಂದು ನೆನಪಿದ್ದರಿಂದ ನೆವಿಲ್ ಸರಿಯಾಗಿ ಹೇಳಿದ. ಸ್ಟಾಂಪಿನ ನಂಬರು ಕೇಳಿದ. ಗೊತ್ತಿಲ್ಲ. ಮೊದಲು ಕೆಲಸ ಮಾಡಿದ್ದೆಲ್ಲಿ? ಮೀನಿನ ಫ್ಯಾಕ್ಟರಿಯಲ್ಲಿ. ಗ್ರಿಮ್ಸ್‌ಬಿಯಲ್ಲಿ ಮೀನಿನ ಫ್ಯಾಕ್ಟರಿ ಎಷ್ಟಿದ್ದವು ಎಂದು ಗುಮಾಸ್ತನಿಗೂ ಗೊತ್ತಿತ್ತು. ಮದುವೆಯಾದ ತಾರೀಕು?

"ಎಪ್ಪತ್ತಾರು. ತುಂಬಾ ಸೆಕೆ ಇತ್ತು."

"ಸೆಕೆ ಸಾಲದು ಮೇಡಂ, ತಾರೀಕು ಬೇಕು."

ಕಡೆಗೆ ಗುಮಾಸ್ತನಿಗೇ ಕನಿಕರ ಬಂದು, ಒಂದು ಫಾರಂ ಇದೆ, ಅಂಚೆಯಲ್ಲಿ ಕಳಿಸುತ್ತೇನೆ, ತುಂಬಿ ನೀವೇ ಸಹಿ ಮಾಡಿ ಎಂದ. "ಹಾಗೇ ನಿಮ್ಮ ಯಜಮಾನರಿಗೆ ಧೈರ್ಯವಾಗಿರೋಕೆ ಹೇಳಿ ಮೇಡಂ," ಎಂದು ಫೋನಿಟ್ಟ.

ನಾಲ್ಕು ದಿನ ನೆವಿಲ್ ಗೇಟಿನ ಹತ್ತಿರ ಪೊದೆ ಕತ್ತರಿಸುವ ನೆಪದಲ್ಲಿ ಅಂಚೆಯವನನ್ನು ಕಾದ. (ಪೊದೆ ಬೋಳಾಯಿತು.) ಫಾರಂ ಬಂತು. ಅದನ್ನು ಕೋಟಿನ ಒಳಜೇಬಿಗೆ ಸೇರಿಸಿ, ಸ್ನಾನದ ಮನೆಯ ಅಗುಳಿ ಹಾಕಿಕೊಂಡು ಓದಿದ. ಗುಮಾಸ್ತ ಬಾಯಲ್ಲಿ ಕೇಳಿದ್ದನ್ನೇ ಅದು ಬರಹದಲ್ಲಿ, ಇನ್ನೂ ವಿವರವಾಗಿ ಕೇಳುತ್ತಿತ್ತು. ಉತ್ತರ ಇದ್ದದ್ದು ಒಬ್ಬಳ ಹತ್ತಿರ.

ಮೊದಲ ದಿನ, ಗ್ಲೆಂಡಾ ಆಲೂಗೆಡ್ಡೆ ಸಿಪ್ಪೆ ತೆಗೆಯುತ್ತಿದ್ದಾಗ, ಏನೋ ಸುಮ್ಮನೆ ನೆನಪಾಯಿತು ಎಂಬಂತೆ ಮದುವೆಯ ತಾರೀಕು ಕೇಳಿದ. ಜುಲೈ ಹತ್ತು ಎಂದಳು, ತಲೆಯೆತ್ತಲಿಲ್ಲ. ಮಾರನೆಯ ದಿನ, ನೀನು ಮೊದಲು ಸೇರಿದ ಫ್ಯಾಕ್ಟರಿ ಯಾವುದು ಎಂದ. ಅವಳು ಹೇಳಿ, ಅವನ ಮುಖ ನೋಡಿದಳು. ಮೂರನೆಯ ದಿನ ಅವಳ ತೌರಿನ ಹೆಸರು ಬ್ಲಾಂಚರ್ಡ್ ತಾನೇ ಎಂದು ಕೇಳಿದಾಗ ಅವಳ ಕೈಯ ಚಾಕು ನಿಂತಿತು.

ಅಲ್ಲಿಂದ ಗ್ಲೆಂಡಾ ಮೆತ್ತಗಾದಳು. ನೆವಿಲ್‌ಗೆ ಅದಕ್ಕಿಂತ ಭಯಂಕರವಾದದ್ದು ಕಂಡಿರಲಿಲ್ಲ. ಕೆಸರು ಬೂಟಿನಲ್ಲಿ ಒಳಗೆ ಬಂದರೆ ಬೈಯಲಿಲ್ಲ. ಎರಡನೇ ಸಲ ಪುಡಿಂಗ್ ಬಡಿಸಿದಳು, ಕೇಳದೆ. ಒಂದು ಬೆಳಿಗ್ಗೆ ಎದ್ದು ಬಂದರೆ ಅಡುಗೆಮನೆಯ ಕಪಾಟುಗಳ ಮೇಲೆಲ್ಲ ಚೀಟಿ ಅಂಟಿಸಿದ್ದಾಳೆ: 'ಚಹಾ ಕಪ್ಪು ಇಲ್ಲಿದೆ', 'ಸಕ್ಕರೆ', 'ಗ್ಯಾಸ್ ಆರಿಸು'. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಎಲ್ಲ ಗೊತ್ತಾಗಿದೆ, ಮನೆ ಬಿಟ್ಟು ಹೋಗುತ್ತಾಳೆ, ಹೋಗುವ ಮುಂಚೆ ಗಂಡನ ಅನುಕೂಲಕ್ಕೆ ಚೀಟಿ ಅಂಟಿಸಿದ್ದಾಳೆ ಎಂದು ನೆವಿಲ್ ತೀರ್ಮಾನಿಸಿದ. ಅವತ್ತು ಅವನಿಗೆ ಕರಿದ ಮೀನೂ ಸೇರಲಿಲ್ಲ. ಅದನ್ನು ಕಂಡ ಗ್ಲೆಂಡಾ ಮರುದಿನವೇ ಅವನ ತೋಳು ಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಹೃದಯಕ್ಕಿರಬೇಕು ಎಂದುಕೊಂಡು ಅವನು ದಾರಿಯಲ್ಲೇ ಅಂಗಿಯ ಗುಂಡಿ ಸಡಿಲಿಸಿಕೊಂಡ.

ಡಾಕ್ಟರಮ್ಮ ಇನ್ನೂ ಚಿಕ್ಕ ಪ್ರಾಯದವಳು. ಎದೆ ನೋಡಲಿಲ್ಲ. ಗಡಿಯಾರದ ಚಿತ್ರ ಬರೆಯಿರಿ ಎಂದಳು. ಬರೆದ. ಈಗ ಪ್ರಧಾನಿ ಯಾರು ಎಂದು ಕೇಳಿದಳು. ಅದು ಎರಡು ಸಾವಿರದ ಇಪ್ಪತ್ತೆರಡರ ಅಕ್ಟೋಬರ್ ಕೊನೆ, ಪ್ರಧಾನಿಗಳು ಅಂಗಿ ಬದಲಾಯಿಸಿದಂತೆ ಬದಲಾಗುತ್ತಿದ್ದ ಕಾಲ. ಬೆಳಿಗ್ಗೆಯಿಂದ ರೇಡಿಯೋ ಕೇಳಿಲ್ಲ ಎಂದ ನೆವಿಲ್. ಡಾಕ್ಟರಮ್ಮ ತಾನೂ ಒಮ್ಮೆ ಕಂಪ್ಯೂಟರ್ ಕಡೆ ಕಣ್ಣು ಹಾಯಿಸಿ, ಅದಕ್ಕೆ ಪೂರ್ತಿ ಅಂಕ ಕೊಟ್ಟಳು. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದಾಗ ಮಾತ್ರ ಎಂಬತ್ತಾರರ ಹತ್ತಿರ ಅವನು ದಾರಿ ತಪ್ಪಿದ. ಏನಿದು ಪರೀಕ್ಷೆ ಎಂದು ಅರ್ಥವಾದದ್ದು ಆಗ.

ಡಾಕ್ಟರಮ್ಮ ಗ್ಲೆಂಡಾಳ ಕಡೆ ತಿರುಗಿ, ನಿಮಗೇನು ಕಂಡಿತು ಹೇಳಿ ಎಂದಳು. ಗ್ಲೆಂಡಾ ಚೀಲದಿಂದ ಒಂದು ಪಟ್ಟಿ ತೆಗೆದಳು. ಓದಲು ಹೋದರೆ ದನಿ ಒಡೆಯಿತು.

"ನಮ್ಮ ಮದುವೆ ದಿನ ಕೇಳಿದ ಡಾಕ್ಟ್ರೇ. ನನ್ನ ತೌರಿನ ಹೆಸರು ಕೇಳಿದ. ಒಂದೊಂದೇ ಒಂದೊಂದೇ ನಾನು ಅವನ ತಲೆಯಿಂದ ಹೊರಟು ಹೋಗ್ತಿದ್ದೀನಿ."

ಗ್ಲೆಂಡಾ ಅತ್ತಳು. ತನ್ನ ಅಪ್ಪ ಸತ್ತಾಗಲೂ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತವಳು, ಪರಕೀಯರ ಮುಂದೆ ಅತ್ತಳು. ಬಾಯಿ ಬಿಟ್ಟರೆ ಅಪರಾಧಿ, ಬಿಡದಿದ್ದರೆ ಅರಳುಮರುಳು. ಅವನು ಕೋಟಿನ ಒಳಜೇಬಿನಿಂದ ಫಾರಂ ತೆಗೆದು ಮೇಜಿನ ಮೇಲಿಟ್ಟ. ಸಿಲ್ವಿಯಾ ಹೇಳಿದ್ದು, ಲೈಬ್ರರಿ, ಫೋನಿನಲ್ಲಿ ಹೆಂಗಸಾದದ್ದು, ಎಪ್ಪತ್ತಾರರ ಸಣ್ಣ ಸ್ಟಾಂಪು, ಎಲ್ಲವನ್ನೂ ತಲೆ ತಗ್ಗಿಸಿಕೊಂಡು ಒಪ್ಪಿಸಿದ. "ನಾನು ಸತ್ತರೆ ನಿನಗೆ ಏನೂ ಇಲ್ಲ ಗ್ಲೆಂಡಾ. ಅದು ನನ್ನಿಂದ," ಎಂದ. ಅವನ ದನಿ ಕೇಳಿ ಅವನಿಗೇ ಅಳು ಬಂತು.

ಗ್ಲೆಂಡಾ ಕಣ್ಣೊರೆಸಿಕೊಂಡಳು. ಕರವಸ್ತ್ರ ಮಡಚಿದಳು. ಚೀಲದ ಬಾಯಿ ಟಕ್ಕೆಂದು ಮುಚ್ಚಿದಳು. ನೆವಿಲ್ ಕುರ್ಚಿಯ ಕೈ ಹಿಡಿದುಕೊಂಡ.

"ಆ ಫಾರಂ ಮುಂದಿನ ವಾರವೇ ರದ್ದು ಮಾಡಿಸಿದ್ದೆ," ಎಂದಳು. "ಅಮ್ಮನಿಗೆ ಗೊತ್ತಾಗಿ ಬೈದಳು. ಗಂಡ ಯಾವತ್ತಿದ್ದರೂ ಗಂಡಸರ ಪೈಕಿ, ಸ್ಟಾಂಪು ನಿನ್ನದು ಕಣೇ ಅಂದಳು. ಹೋಗಿ ಫ್ಯಾಕ್ಟರಿ ಆಫೀಸಿನಲ್ಲಿ ಹೇಳಿ ಬಂದೆ. ಅವತ್ತಿಂದ ದೊಡ್ಡ ಸ್ಟಾಂಪೇ. ಪೂರ್ತಿ ಬರತ್ತೆ ನನಗೆ, ಕಾಗದ ಎರಡು ವರ್ಷದಿಂದ ಕಪಾಟಿನಲ್ಲಿದೆ."

"ನನಗ್ಯಾಕೆ ಹೇಳಲಿಲ್ಲ?"

"ನನ್ನನ್ನ ಸಾಕ್ತೀನಿ ಅಂತ ಅಷ್ಟು ಖುಷಿಯಾಗಿದ್ದೆಯಲ್ಲ. ಪಾಪ ಅನ್ನಿಸ್ತು."

ನೆವಿಲ್‌ಗೆ ಎದೆಯ ಮೇಲಿನ ಬಂಡೆ ಉರುಳಿದಂತಾಯಿತು. ನಕ್ಕ, ಮೂಗೊರೆಸಿಕೊಂಡ, ಮತ್ತೆ ನಕ್ಕ. ಇಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಮರ್ಯಾದೆಯಾಗಿ ಮನೆಗೆ ಹೋಗಬಹುದಿತ್ತು. ಆದರೆ ಗಂಡಸಿಗೆ ಜೀವ ಬಂದರೆ ಜಂಬವೂ ಬರುತ್ತದೆ. ಡಾಕ್ಟರಮ್ಮನ ಕಡೆ ತಿರುಗಿ, ಅವಳದು ಹೇಗೋ ಆಯಿತು, ತಾನಂತೂ ಹದಿನಾರನೇ ವಯಸ್ಸಿನಿಂದ ಒಂದು ವಾರದ ಸ್ಟಾಂಪನ್ನೂ ತಪ್ಪಿಸಿದವನಲ್ಲ ಎಂದು ಎದೆ ಉಬ್ಬಿಸಿದ.

"ಎಂಬತ್ತೊಂದರಿಂದ ಎಂಬತ್ತಾರು?" ಎಂದಳು ಗ್ಲೆಂಡಾ.

ಉಬ್ಬಿಸಿದ ಎದೆ ಅಲ್ಲೇ ಇಳಿಯಿತು. ದಕ್ಕೆಯಲ್ಲಿ ಹಡಗೇ ಬಾರದೆ ಕೆಲಸ ಹೋದ ಕಾಲ ಅದು. ನಿರುದ್ಯೋಗಿಗಳ ಸಾಲಿನಲ್ಲಿ ನಿಂತು ಸರ್ಕಾರದ ಭತ್ಯೆಗೆ ಸಹಿ ಹಾಕುವುದು ಅವಮಾನವೆಂದು ನೆವಿಲ್ ಐದು ವರ್ಷ ಅವರಿವರ ಗೋಡೆಗೆ ಬಣ್ಣ ಬಳಿದು, ಕೈಗೆ ಬಂದ ಕಾಸನ್ನು ತಂದು ಶುಕ್ರವಾರ ಅವಳಿಗೆ ಕೊಟ್ಟಿದ್ದ.

"ಆ ಐದು ವರ್ಷ ನಿನ್ನ ಸ್ಟಾಂಪು ಯಾರು ಕಟ್ಟಿದ್ರು ಅಂದ್ಕೊಂಡಿದ್ದೀಯ? ಖಾಲಿ ಬಿದ್ದಿದೆ ಅಂತ ಕಾಗದ ಬಂತು. ನಾನು ಒಂದು ಫಾರಂ ತಂದೆ, ತೋರಿಸಿದ ಕಡೆ ನೀನು ಸಹಿ ಹಾಕಿದೆ. ಆಮೇಲೆ ವಾರವಾರ ಕಟ್ಟಿದೆ."

"ದುಡ್ಡೆಲ್ಲಿತ್ತು ನಮ್ಮ ಹತ್ತಿರ?"

"ನಿನ್ನ ಬಿಯರಿಂದು."

ನೆವಿಲ್ ನೆನಪಿಸಿಕೊಂಡ. ಆ ವರ್ಷಗಳಲ್ಲಿ ಅವನ ಹೊಟ್ಟೆ ಸೂಕ್ಷ್ಮವಾಗಿತ್ತು, ವಾರಕ್ಕೆ ಒಂದು ಲೋಟದ ಮೇಲೆ ಕುಡಿಯಕೂಡದೆಂದು ಡಾಕ್ಟರು ಗ್ಲೆಂಡಾಳಿಗೆ ಹೇಳಿ ಕಳಿಸಿದ್ದರು. ಅವನು ಹೆದರಿ ಹಾಗೇ ನಡೆದುಕೊಂಡಿದ್ದ. ಸಹಾಯಕ್ಕೆ ಎಂಬಂತೆ ಡಾಕ್ಟರಮ್ಮನ ಮುಖ ನೋಡಿದ. ಅವಳು ಅವನ ಹಳೆಯ ಕಡತವನ್ನು ಹಿಂದಿನವರೆಗೂ ತಿರುವಿ ಹಾಕಿ, ಹೊಟ್ಟೆಯ ವಿಷಯ ಇದರಲ್ಲಿ ಎಲ್ಲೂ ಇಲ್ಲವಲ್ಲ ಎಂದಳು. ಆಮೇಲೆ ಒಂದು ಸಾಲು ಬರೆದು, ಇವರ ನೆನಪಿಗೆ ಏನೂ ಆಗಿಲ್ಲ, ಗೊತ್ತಿರುವುದೇ ಸ್ವಲ್ಪ ಕಡಿಮೆ ಎಂದು ಕಡತ ಮುಚ್ಚಿದಳು.

ನೆವಿಲ್ ಎದ್ದು ಕೋಟು ಹಾಕಿಕೊಂಡ. ಬಾಗಿಲ ಹತ್ತಿರ ಅವನ ಕಾಲು ತಡೆಯಿತು. ರಾನ್‌ನ ಮಣ್ಣಿನ ದಿನದಿಂದ ಹೊತ್ತು ತಿರುಗಿದ ಭಯ ಹೋಗಿ, ಆ ಜಾಗದಲ್ಲಿ ಹೊಸದೊಂದು ತಣ್ಣಗೆ ಬಂದು ಕೂರುತ್ತಿತ್ತು.

"ಗ್ಲೆಂಡಾ," ಎಂದ ಮೆಲ್ಲಗೆ, "ನನಗೆ ಗೊತ್ತಿಲ್ಲದ್ದು ಇನ್ನೇನಾದರೂ ಇದೆಯಾ?"

ಗ್ಲೆಂಡಾ ಕೋಟಿನ ಗುಂಡಿ ಹಾಕಿಕೊಳ್ಳುತ್ತ ನಿಂತಳು. ಮೊದಲನೆಯ ಗುಂಡಿ ಹಾಕಿದಳು, ಯೋಚಿಸಿದಳು. ಎರಡನೆಯದು ಹಾಕಿದಳು, ಇನ್ನೂ ಯೋಚಿಸಿದಳು. ಐದು ಗುಂಡಿಯೂ ಮುಗಿದವು.

"ನಡಿ, ಬಸ್ಸು ತಪ್ಪತ್ತೆ," ಎಂದಳು.