ಎಡಗಾಲಿನ ಸೀಟು

ತಪ್ಪೆಲ್ಲ ಅಣ್ಣನ ಹಿಮ್ಮಡಿಯದು.

ಅಣ್ಣ ತಮ್ಮ ಇಬ್ಬರೂ ಅವಳಿಗಳು, ಅಚ್ಚು ಒಂದೇ ಮುಖ. ಬಸ್ ನಿಲ್ದಾಣದ ಎದುರು ಬೂಟು ರಿಪೇರಿಯ ಅಂಗಡಿ ಇಟ್ಟಿದ್ದರು. ಯಾವಾಗಲೂ ಮುಂದೆ ನಡೆಯುವ ಅಣ್ಣನಿಗೆ ಬಲಗಾಲು ಎಂದೂ, ಹಿಂದೆ ಬರುವ ತಮ್ಮನಿಗೆ ಎಡಗಾಲು ಎಂದೂ ನೆರೆಯವರು ಹೆಸರಿಟ್ಟಿದ್ದರು. ಫುಟ್‌ಬಾಲ್ ಎಂದರೆ ಇಬ್ಬರಿಗೂ ಪ್ರಾಣ. ದೊಡ್ಡ ಕ್ರೀಡಾಂಗಣದಲ್ಲಿ ವರ್ಷ ವರ್ಷವೂ ಅವರಿಗೆ ಕಂಬದ ಪಕ್ಕದ ಅವೇ ಎರಡು ಸೀಟು. ಅಣ್ಣ ದಾರಿ ಹುಡುಕುತ್ತಿದ್ದ. ಎಡಗಾಲು ಕಸುಬಿನ ಚಾಳಿಯಂತೆ ಅಣ್ಣನ ಹಿಮ್ಮಡಿ ನೋಡುತ್ತ, ‘ಈ ಅಂಚು ಸವೆದಿದೆಯಲ್ಲ’ ಎಂದುಕೊಳ್ಳುತ್ತ ಹಿಂಬಾಲಿಸುತ್ತಿದ್ದ. ತಲೆ ಎತ್ತಿದರೆ ಸೀಟು ಬಂದಿರುತ್ತಿತ್ತು.

ಈಗ ಅಣ್ಣನನ್ನು ದೇವರು ಕರೆಸಿಕೊಂಡಿದ್ದ. ಅವನ ಜೊತೆಗೆ ದಾರಿಯನ್ನೂ ಕರೆಸಿಕೊಂಡನೆಂಬುದು ಎಡಗಾಲಿಗೆ ಹೊಳೆದದ್ದು ಗೇಟಿನ ಮುಂದೆ ನಿಂತಾಗ.

ಅವರ ಸೀಟುಗಳಿದ್ದ ಭಾಗವನ್ನು ನಾಳೆ ಕೆಡವುತ್ತಾರೆ. ಇವತ್ತಿನದೇ ಕಡೆಯ ಪಂದ್ಯ. ಅವನು ಎರಡೂ ಸೀಟಿನ ಟಿಕೆಟು ಕೊಂಡಿದ್ದ. ಅಣ್ಣನ ಸೀಟು ಖಾಲಿ ಬಿಟ್ಟು, ಪಕ್ಕದಲ್ಲಿ ಒಂದು ಸಲ ಕೂತು ಎದ್ದು ಬರಬೇಕು, ಮನಸ್ಸಿನಲ್ಲಿದ್ದದ್ದು ಅಷ್ಟೇ. ಅದಕ್ಕೆಂದೇ ಅಣ್ಣನ ಬೂಟನ್ನೂ ಹಾಕಿಕೊಂಡು ಬಂದಿದ್ದ. ನಡೆದರೆ ಅದು ಕಿರ್ ಕಿರ್ ಎನ್ನುತ್ತಿತ್ತು. ಊರವರ ಬೂಟುಗಳ ಬಾಯಿ ಮುಚ್ಚಿಸಿದ ಅಣ್ಣ ತನ್ನದನ್ನು ಮಾತ್ರ ಹಾಗೇ ಬಿಟ್ಟಿದ್ದ. “ನಾನೆಲ್ಲಿದ್ದೀನಿ ಅಂತ ನಿನಗೆ ಗೊತ್ತಾಗ್ಬೇಕಲ್ಲೋ” ಎನ್ನುತ್ತಿದ್ದ.

“ಮತ್ತೆ ಯಾಕೆ ಬಂದ್ರಿ ಯಜಮಾನ್ರೇ?” ಗೇಟಿನವನು ಕೇಳಿದ. “ಈಗ ತಾನೆ ಒಳಗೆ ಬಿಟ್ನಲ್ಲ!”

“ನನ್ನನ್ನಾ?”

“ನಿಮ್ಮನ್ನಲ್ದೆ ನಮ್ಮಪ್ಪನ್ನಾ? ನಡೀರಿ, ಹಿಂದೆ ಜನ ನೂಕ್ತಿದ್ದಾರೆ.”

ಒಳಗೆ ಮೆಟ್ಟಿಲುಗಳ ಅಡಿಯಲ್ಲಿ ಉದ್ದನೆಯ ಓಣಿ. ಟ್ಯೂಬ್‌ಲೈಟು ನಿದ್ದೆ ತಡೆಯಲಾರದ ಕಣ್ಣಿನಂತೆ ಮುಚ್ಚಿ ತೆರೆಯುತ್ತಿತ್ತು. ಮೇಲೆ ಕೂತ ಸಾವಿರಾರು ಜನರ ಗದ್ದಲ, ಮುಚ್ಚಿದ ಬಾವಿಯೊಳಗಿನ ಮಾತಿನಂತೆ ಕೇಳಿಸುತ್ತಿತ್ತು. ಚಹಾ ಮಾರುವವಳನ್ನು ದಾಟಿ ನಡೆದ. ಪೆನ್ಶನ್ ಮೇಷ್ಟ್ರಂತಿದ್ದ ಹಿರಿಯರೊಬ್ಬರು ಕೇಳದೆಯೇ ಅವನ ಟಿಕೆಟು ಕಿತ್ತುಕೊಂಡು ಓದಿದರು.

“ನೇರ ಹೋಗಿ. ಅನುಮಾನ ಬಂದ್ರೆ ಇನ್ನೂ ನೇರ ಹೋಗಿ.”

ನೇರ ಹೋದ. ಓಣಿ ಮಾತ್ರ ಮೆಲ್ಲನೆ ಬಾಗುತ್ತಲೇ ಇತ್ತು. ಮುಂದೆ ತಿರುವಿನಾಚೆ ಕಿರ್ ಕಿರ್ ಎಂದಿತು. ಅವನು ನಿಂತ, ಅದೂ ನಿಂತಿತು. ನಡೆದ, ಅದೂ ನಡೆಯಿತು.

“ಅಣ್ಣಾ?” ಎಂದು ಕೂಗಿದ.

ಒಬ್ಬ ಕಾವಲುಗಾರ ಹೇಳಿದ, “ಆಗಲೇ ಈ ಕಡೆ ಹೋದ್ರಲ್ಲ ತಾತ?” ಕಸ ಗುಡಿಸುವವಳು ಹೇಳಿದಳು, “ಆಗಲೂ ಹೀಗೇ ಬೆವರು ಒರೆಸ್ಕೊಂಡು ಹೋದ್ರಿ.” ಎಡಗಾಲಿಗೆ ಹೆದರಿಕೆಗಿಂತ ಆಸೆಯೇ ಹೆಚ್ಚಾಗಿತ್ತು. ‘ಭಗವಂತ, ಒಂದೇ ಒಂದು ಸಲ’ ಎಂದುಕೊಂಡು ಓಡಿದ.

ಓಡಿ ಓಡಿ ಬಂದದ್ದು ಅದೇ ಚಹಾದವಳ ಮುಂದೆ.

“ಇದೇನ್ರೀ, ಗಾಣದ ಎತ್ತಿನ ಹಾಗೆ! ಎಷ್ಟು ಸಲ ಸುತ್ತೋದು?”

ಆಗ ಅವನಿಗೆ ಹೊಳೆಯಿತು. ಕಟ್ಟಡವೇ ದುಂಡಗಿದೆ. ತನಗಿಂತ ಮುಂಚೆ ಹೋದವನು ತಾನೇ. ಕಿರ್ ಎಂದದ್ದು ತನ್ನ ಕಾಲೇ. ಗೋಡೆ ಅದನ್ನು ಮುಂದಕ್ಕೆ ಎಸೆದಿತ್ತು, ಅಷ್ಟೆ. ನಗಬೇಕೋ ಅಳಬೇಕೋ ತಿಳಿಯದೆ ಗೋಡೆಗೊರಗಿದ.

“ನನ್ನ ಸೀಟಿಗೆ ದಾರಿ ಯಾವುದಮ್ಮ?”

ಅವಳು ಟಿಕೆಟು ನೋಡಿದಳು. “ಮೆಟ್ಟಿಲು ನನ್ನ ಬೆನ್ನ ಹಿಂದೇನೇ ಇದೆ. ಕೇಳಿದ್ರೆ ತಾನೆ ಹೇಳೋದು!”

ಮೇಲೆ ಹತ್ತಿದ. ಹಸಿರು ಮೈದಾನ, ಅದೇ ಕಂಬ, ಅದರ ಪಕ್ಕ ಎರಡು ಖಾಲಿ ಸೀಟು. ಕಣ್ಣು ತುಂಬಿಕೊಂಡು ತನ್ನದರಲ್ಲಿ ಕೂತ. ಅಣ್ಣನ ಸೀಟಿನ ಆಚೆ ಬದಿಯಲ್ಲಿ ತುತ್ತೂರಿ ಹಿಡಿದಿದ್ದ ದಪ್ಪ ಮನುಷ್ಯ ತಿರುಗಿ ನೋಡಿದ.

“ಇಷ್ಟು ಬೇಗ ಬಂದ್ರಾ? ತಮ್ಮ ಸಿಕ್ನಾ?”

“ಯಾವ ತಮ್ಮ?”

“ಒಳ್ಳೇ ಕತೆ! ‘ಅವನು ನೆಲ ನೋಡ್ಕೊಂಡು ನಡೆಯೋನು, ದಾರಿ ತಪ್ಪಿರ್ತಾನೆ, ಕರ್ಕೊಂಡ್ಬರ್ತೀನಿ’ ಅಂತ ನೀವೇ ಎದ್ದು ಹೋದ್ರಲ್ಲ. ಆಗ ಈ ಸೀಟಲ್ಲಿ ಕೂತಿದ್ರಿ, ಈಗ ಆ ಸೀಟಲ್ಲಿ ಕೂತಿದ್ದೀರಿ.”

ಎಡಗಾಲು ಮೆಲ್ಲನೆ ಕೈ ಚಾಚಿ ಅಣ್ಣನ ಸೀಟನ್ನು ಮುಟ್ಟಿದ. ಬೆಚ್ಚಗಿತ್ತು.

ಆಗ ಗೇಟಿನವನ ಮಾತು ನೆನಪಾಯಿತು. ಅವನು ‘ಈಗ ತಾನೆ ಒಳಗೆ ಬಿಟ್ನಲ್ಲ’ ಎಂದಾಗ ತಾನು ಇನ್ನೂ ಒಂದು ಸುತ್ತೂ ಸುತ್ತಿರಲಿಲ್ಲ.

ದಡಬಡ ಮೆಟ್ಟಿಲಿಳಿದ. ಈ ಸಲ ಗೋಡೆಯ ಮೋಸ ಬೇಡವೆಂದು ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಬರಿಗಾಲಿನಲ್ಲಿ ಕಿವಿಗೊಟ್ಟು ನಿಂತ. ಚಹಾದವಳು ಅವನ ಪಾದ ನೋಡಿದಳು.

“ಅಲ್ರೀ, ಬೂಟು ಯಾವಾಗ ಬಿಚ್ಚಿದ್ರಿ? ಈಗ ತಾನೆ ಕಿರ್ ಅನ್ನಿಸ್ಕೊಂಡು ಹೋದ್ರಲ್ಲ!”

ತಿರುವಿನಾಚೆ ಕಿರ್ ಕಿರ್ ಎಂದಿತು.

“ಅಣ್ಣಾ, ನಿಲ್ಲೋ, ನಾನಿಲ್ಲಿದ್ದೀನಿ!” ಎನ್ನುತ್ತ ಎಡಗಾಲು ಅದರ ಹಿಂದೆ ಓಡಿದ. ಗೋಡೆ ಆ ಕೂಗನ್ನೂ ಮುಂದಕ್ಕೆ ಎಸೆಯಿತು. ಮುಂದಿದ್ದ ಬೂಟಿನ ಸದ್ದೂ, ತಮ್ಮ ಇನ್ನೂ ಮುಂದೆ ಎಲ್ಲೋ ಇದ್ದಾನೆಂದುಕೊಂಡು, ಹೆಜ್ಜೆ ಬಿರುಸು ಮಾಡಿತು. ಮೇಲೆ ಪಂದ್ಯದ ಸೀಟಿ ಊದಿದರು. ಕಂಬದ ಪಕ್ಕದ ಎರಡೂ ಸೀಟು ಖಾಲಿಯಾಗಿಯೇ ಇದ್ದವು.