ಟೌನ್ ಹಾಲಿನ ಅಂಗಳದಲ್ಲಿ ಅಡಿಕೆ

ನಾನು ಒಂದು ಒಳ್ಳೆಯ ಕೆಲಸಕ್ಕೆ ಕೈ ಹಾಕಿದೆ ಎಂದರೆ ಊರಿನವರಿಗೆ ನಗಲು ಏನೋ ಒಂದು ಸಿಕ್ಕಿತು ಎಂದೇ ಅರ್ಥ. ನಾನೇನೂ ಬೇಕೆಂದು ಮಾಡುವುದಲ್ಲ, ಆದರೂ ಪ್ರತಿ ಸಲ ಹಾಗೆಯೇ ಆಗುತ್ತದೆ.

ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಪಂಚಾಯತು ಕಚೇರಿಯಲ್ಲಿದ್ದೆ. ಪುತ್ತೂರಿನಿಂದ ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸು ಚಾ ಕುಡಿಯಲು ನಿಲ್ಲಿಸುವ ಪೇಟೆಗಳಲ್ಲಿ ನಮ್ಮದೂ ಒಂದು. ಯಾವುದೆಂದು ಹೇಳುವುದಿಲ್ಲ, ಅಲ್ಲಿ ಇನ್ನೂ ನನ್ನ ನೆಂಟರಿದ್ದಾರೆ. ನಾನು ನನ್ನನ್ನು ಸೆಕ್ರೆಟರಿ ಎಂದು ಹೇಳಿಕೊಳ್ಳುತ್ತಿದ್ದೆ. ಊರು ಗುಮಾಸ್ತರು ಎನ್ನುತ್ತಿತ್ತು. ದಪ್ಪ ಕಂಬಗಳ, ಹಂಚಿನ ಮಾಡಿನ ನಮ್ಮ ಹಳೆಯ ಕಚೇರಿಯನ್ನೂ ಹಾಗೆಯೇ ನಾನು ಟೌನ್ ಹಾಲ್ ಎನ್ನುತ್ತಿದ್ದೆ. ಊರು ಚಾವಡಿ ಎನ್ನುತ್ತಿತ್ತು.

ಒಂದು ದಿನ ಮೇಲಿನಿಂದ ಸುದ್ದಿ ಬಂತು. ಕಟ್ಟಡ ತೀರ ಹಳೆಯದಾಗಿದೆಯಂತೆ. ಒಬ್ಬ ಅಧಿಕಾರಿ ಬಂದು ನೋಡುತ್ತಾರಂತೆ. ಬಾಳಿಕೆ ಬಾರದು ಎಂದು ಕಂಡರೆ ಕೆಡವಿಸಿ, ಪಂಚಾಯತನ್ನೇ ಹೊಳೆಯಾಚೆಯ ಊರಿಗೆ ಸೇರಿಸುತ್ತಾರಂತೆ. ಹೊಳೆಯಾಚೆಯವರ ಹತ್ತಿರ ಹೋಗಿ ನಾವು ಅರ್ಜಿ ಹಿಡಿದು ನಿಲ್ಲುವುದೇ! ಟೌನ್ ಹಾಲನ್ನು ಉಳಿಸಿಯೇ ಸಿದ್ಧ ಎಂದು ಮನೆಯಲ್ಲಿ ಘೋಷಿಸಿದೆ.

"ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಹೆಂಡತಿ ದೋಸೆ ಮಗುಚಿದಳು.

ಎಷ್ಟು ವರ್ಷ ಬೇಕು?

ಹಳೆಯದು ಎಂದು ತಾನೇ ಅವರ ತಕರಾರು? ಬರೀ ಹಳೆಯದಲ್ಲ, ಐತಿಹಾಸಿಕ ಎಂದು ತೋರಿಸಿಬಿಟ್ಟರೆ ಮುಟ್ಟಲಾರರು. ಇದು ನನ್ನ ಉಪಾಯ. ಹಾಲಿನ ಇತಿಹಾಸವನ್ನು ಸಂಗ್ರಹಿಸಲು ಊರಿನ ಅತಿ ಹಿರಿಯ ಅಜ್ಜನ ಮನೆಗೆ ಹೋದೆ. ಗುಡ್ಡ ಹತ್ತಿ ಇಳಿದು ಬೆವರಿ ನೀರಾಗಿದ್ದೆ. ಅಜ್ಜ ಬೆಲ್ಲ ನೀರು ಕೊಡಿಸಿ, ಎಲೆ ಅಡಿಕೆಯ ತಟ್ಟೆ ಮುಂದಿಟ್ಟರು.

"ಅಜ್ಜ, ಈ ಚಾವಡಿ ಯಾವ ಕಾಲದ್ದು?"

"ನನ್ನ ಅಪ್ಪ ಹುಡುಗ ಆಗಿದ್ದಾಗ ಕಟ್ಟಿದ್ದು."

ನನ್ನ ಮುಖ ಸಣ್ಣದಾಯಿತೋ ಏನೋ. ಅಜ್ಜ ಅದನ್ನು ನೋಡಿದರು. "ಅಲ್ಲಲ್ಲ. ಅಜ್ಜನ ಕಾಲದ್ದು ಇರಬೇಕು."

"ಅದಕ್ಕೂ ಮೊದಲು ಅಲ್ಲಿ ಎಂತಾದರೂ ಉಂಟಾ?"

"ಇಲ್ಲದೆ? ರಾಜರು ಕುದುರೆ ಕಟ್ಟುತ್ತಿದ್ದದ್ದು ಅಲ್ಲಿಯೇ."

"ಯಾವ ರಾಜರು?"

ಅಜ್ಜ ಎಲೆಯ ನಾರು ತೆಗೆಯುವುದನ್ನು ನಿಲ್ಲಿಸಿ ನನ್ನನ್ನು ಕನಿಕರದಿಂದ ನೋಡಿದರು. "ಗುಮಾಸ್ತರೇ, ಇಷ್ಟು ಬಿಸಿಲಿಗೆ ನಡೆದುಕೊಂಡು ಬಂದಿದ್ದೀರಿ. ನಿಮಗೆ ಒಟ್ಟು ಎಷ್ಟು ವರ್ಷ ಬೇಕು ಅಂತ ಹೇಳಿ ಮಾರಾಯ್ರೆ. ಮನೆಗೆ ಬಂದವರಿಗೆ ನಾನು ಇಲ್ಲ ಅಂತ ಹೇಳುದುಂಟಾ?"

ನಾನು ನಾಚಿಕೊಂಡು, ಮುನ್ನೂರು ಇದ್ದರೆ ಒಳ್ಳೆಯದಿತ್ತು ಎಂದೆ.

"ತಕೊಳ್ಳಿ" ಎಂದರು ಅಜ್ಜ. "ಊಟಕ್ಕೆ ನಿಂತರೆ ನಾನೂರು ಮಾಡುವ."

ಕಂಬದ ಬಣ್ಣ

ಇತಿಹಾಸವೇನೋ ಸಿಕ್ಕಿತು, ಇನ್ನು ಅಂದ ಬೇಕಲ್ಲ. ಹಾಲಿನ ಜಗಲಿಯಲ್ಲಿ ಬಸ್ಸು ಕಾಯುವವರು, ವ್ಯಾಜ್ಯದವರು, ಸುಮ್ಮನೆ ಕೂತವರು ಎಲ್ಲರೂ ಎಲೆ ಅಡಿಕೆ ಮೆಲ್ಲುವವರೇ. ನಾನು ಕಂಬಗಳಿಗೆಲ್ಲ ಬಿಳಿ ಸುಣ್ಣ ಹೊಡೆಸಿದೆ. ಸಂಜೆಯೊಳಗೆ ಪ್ರತಿ ಕಂಬದ ಬುಡವೂ ಕೆಂಪಾಯಿತು. ನಾನು ಬಿಡುವವನೇ? ಉಗುಳಿದರೂ ಕಾಣಬಾರದೆಂದು ಪೂರ್ತಿ ಕೆಮ್ಮಣ್ಣಿನ ಬಣ್ಣ ಬಳಿಸಿದೆ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಮರುದಿನ ನೋಡಿದರೆ ಕೆಂಪು ಕಂಬದ ತುಂಬ ಬಿಳಿ ಗೆರೆಗಳು. ಎಲೆಗೆ ಸವರಿ ಬೆರಳಲ್ಲಿ ಉಳಿದ ಸುಣ್ಣವನ್ನು ನಮ್ಮವರು ಒರೆಸುವುದು ಕಂಬಕ್ಕೇ ಎನ್ನುವುದನ್ನು ನಾನು ಮರೆತಿದ್ದೆ.

ನನಗೆ ಸಿಟ್ಟು ನೆತ್ತಿಗೇರಿತು. ಜಗಲಿಯಲ್ಲಿದ್ದವರನ್ನೆಲ್ಲ ನಿಲ್ಲಿಸಿ ನಾಗರಿಕತೆಯ ಬಗ್ಗೆ ಭಾಷಣ ಶುರುಮಾಡಿದೆ. "ಬೆರಳು ಒರೆಸಲಿಕ್ಕೆ ನಿಮ್ಮ ಮನೆಯಲ್ಲಿ ಕಂಬ ಇಲ್ಲವಾ? ಸಾರ್ವಜನಿಕ ಕಂಬವೇ ಆಗಬೇಕಾ?" ಎಲ್ಲರೂ ತಲೆ ತಗ್ಗಿಸಿ ಕೇಳಿದರು. ಅಷ್ಟು ಗಮನವಿಟ್ಟು ನನ್ನ ಮಾತನ್ನು ಯಾರೂ ಅದುವರೆಗೆ ಕೇಳಿರಲಿಲ್ಲ, ಹಾಗಾಗಿ ಇನ್ನೂ ಸ್ವಲ್ಪ ಎಳೆದೆ.

ಕೊನೆಗೆ ನಮ್ಮ ಅಧ್ಯಕ್ಷರು ಮೆಲ್ಲನೆ ಕೆಮ್ಮಿದರು. ತೋಟದ ಯಜಮಾನರು, ಸಾಧು ಮನುಷ್ಯ, ಜೋರಾಗಿ ಮಾತಾಡಿದವರಲ್ಲ. "ಗುಮಾಸ್ತರೇ, ನಿಮ್ಮ ಕೈ" ಎಂದರು.

ಕೈ ನೋಡಿಕೊಂಡೆ. ಮಾತಿನ ಭರದಲ್ಲಿ ನಾನೂ ಒಂದು ಎಲೆ ಮಡಿಸಿ ಬಾಯಿಗಿಟ್ಟಿದ್ದೆ. ತೋರುಬೆರಳು ನಾನು ಒರಗಿದ್ದ ಕಂಬದ ಮೇಲಿತ್ತು. ಭಾಷಣ ಉದ್ದವಾದ್ದರಿಂದ ಗೆರೆಯೂ ಉದ್ದವಿತ್ತು.

ಸಿಮೆಂಟಿನ ಅಂಗಳ

ಅಧಿಕಾರಿಗಳನ್ನು ಧೂಳಿನಲ್ಲಿ ಕೂರಿಸುವುದು ಹೇಗೆ? ಹಟ ಹಿಡಿದು ಹಾಲಿನ ಮುಂದೆ ಸಿಮೆಂಟಿನ ಅಂಗಳ ಮಾಡಿಸಿದೆ. ಆಗ ನಮ್ಮ ಕಡೆ ಅಂಗಳವೆಂದರೆ ಸೆಗಣಿ ಸಾರಿಸಿದ ಮಣ್ಣು. ಇಷ್ಟಗಲದ, ನುಣ್ಣಗಿನ, ನೆರಳಿಲ್ಲದ ಸಿಮೆಂಟನ್ನು ಊರು ಕಂಡದ್ದು ಅದೇ ಮೊದಲು. ನಾನು ಅದರಲ್ಲಿ ಸಭೆಗಳನ್ನು, ಧ್ವಜಾರೋಹಣವನ್ನು ಕಂಡೆ. ಊರು ಒಣಗುವ ಅಡಿಕೆಯನ್ನು ಕಂಡಿತು.

ಸಿಮೆಂಟು ಗಟ್ಟಿಯಾಗುವುದನ್ನೇ ಕಾಯುತ್ತಿದ್ದರೋ ಏನೋ, ಒಂದು ಬೆಳಿಗ್ಗೆ ನೋಡುವಾಗ ಕಾಲಿಡಲು ಜಾಗವಿಲ್ಲ. ನನ್ನ ಬಾಗಿಲಿಗೆ ಹೋಗಬೇಕಾದರೂ ಅಂಚಿನಲ್ಲಿ ತುದಿಗಾಲಲ್ಲಿ ನಡೆಯಬೇಕು. "ಅಡಿಕೆ ಮೆಟ್ಟಬೇಡಿ ಮಾರಾಯ್ರೆ!" ಎಂದು ನನಗೇ ಗದರಿಸುವವರು!

ಎಲ್ಲರಿಗಿಂತ ದೊಡ್ಡ ಹರವು ಎದುರಂಗಡಿಯ ಬ್ಯಾರಿಯವರದ್ದು. ಅಡಿಕೆ ವ್ಯಾಪಾರದವರು, ನಗುಮುಖ. "ಸರಕಾರದ ಬಿಸಿಲು ಸುಮ್ಮನೆ ಹಾಳಾಗುದು ಯಾಕೆ?" ಎಂದರು ಅವರು.

ನಾನು ಕೋಲು ಹಿಡಿದು ನಿಂತೆ. ಎಲ್ಲರೂ ಗೊಣಗುತ್ತ ತಮ್ಮ ತಮ್ಮ ಅಡಿಕೆ ಬಾಚಿದರು. ಒಂದು ಮೂಲೆಯ ರಾಶಿ ಮಾತ್ರ ಹಾಗೆಯೇ ಉಳಿಯಿತು.

"ಇದು ಯಾರದ್ದು? ಹೇಳುವವರು ಕೇಳುವವರು ಇಲ್ಲವಾ ಇದಕ್ಕೆ?" ಎಂದು ಗುಡುಗಿದೆ.

ಕೊನೆಗೆ ಬ್ಯಾರಿಯವರು ಟೊಪ್ಪಿ ಸರಿಮಾಡಿಕೊಂಡು ಹೇಳಿದರು: "ನಿಮ್ಮ ಮನೆಯವರು ಬೆಳಿಗ್ಗೆ ಎಲ್ಲರಿಗಿಂತ ಮೊದಲು ತಂದು ಹರಡಿದ್ದು."

ಮೈಕಿನ ಮುಂದೆ

ಅಧಿಕಾರಿ ಬರುವ ದಿನ ಅಂಗಳ ಖಾಲಿಯಾಗಬೇಕೆಂದು ಅಧ್ಯಕ್ಷರಿಗೆ ಹೇಳಿದೆ. "ಆಯ್ತು, ನೋಡುವ" ಎಂದರು. ನಮ್ಮ ಕಡೆ "ನೋಡುವ" ಎಂದರೆ ಆಗುವುದಿಲ್ಲ ಎಂದು. ಅಡಿಕೆಗೆ ಇನ್ನೂ ಎರಡು ಬಿಸಿಲು ಬೇಕಿತ್ತು. ಕೊನೆಗೆ ಅರ್ಧ ಅಂಗಳದಲ್ಲಿ ಕುರ್ಚಿ, ಅರ್ಧದಲ್ಲಿ ಅಡಿಕೆ ಎಂದು ರಾಜಿಯಾಯಿತು. ಅಡಿಕೆಯ ಸುತ್ತ ರಂಗೋಲಿಯ ಗೆರೆ ಎಳೆಸಿದೆ. ನಮ್ಮ ಮನೆಯದನ್ನು ಮಾತ್ರ ಯಾರ ಕಣ್ಣಿಗೂ ಬೀಳದ ಹಾಗೆ ವೇದಿಕೆಯ ಹಿಂದಕ್ಕೆ ಸರಿಸಿದೆ. ಊರಿಗೆ ಬುದ್ಧಿ ಹೇಳಿದವನ ಅಡಿಕೆ ಸಭೆಯಲ್ಲಿ ಕಾಣಬಾರದಲ್ಲ.

ಅಧಿಕಾರಿ ಘಟ್ಟದ ಮೇಲಿನವರು, ಬಯಲುಸೀಮೆಯವರು. ಜೀಪಿನಿಂದ ಇಳಿದವರೇ, "ಅಲಂಕಾರ ಬೋ ಚೆನ್ನಾಗಿದೆ ಕಣ್ರೀ" ಎಂದರು. ಅಧ್ಯಕ್ಷರು ಕೈಮುಗಿದರು.

ನಾನು ಮೈಕಿನ ಮುಂದೆ ನಿಂತು ಇತಿಹಾಸ ಓದತೊಡಗಿದೆ. ಅಜ್ಜ ಕೊಟ್ಟ ಮುನ್ನೂರು ವರ್ಷಗಳಲ್ಲಿ ಕುದುರೆಗಳವರೆಗೆ ಬಂದಿದ್ದೆ. ಸುಬ್ರಹ್ಮಣ್ಯದ ಕಡೆಯ ಗುಡ್ಡಗಳ ಮೇಲೆ ಕಪ್ಪು ಮೋಡ ಎದ್ದದ್ದನ್ನು ನಾನು ನೋಡಲಿಲ್ಲ. ಮೂಗಿನ ಮೇಲೆ ಒಂದು ದಪ್ಪ ಹನಿ ಬಿತ್ತು.

ಮಳೆ ಬಂದರೆ ಶತ್ರುವಿನ ಅಂಗಳದ ಅಡಿಕೆಯಾದರೂ ಬಾಚಬೇಕು. ಇದು ನಮ್ಮಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಮೈಯಲ್ಲೇ ಇರುತ್ತದೆ. ನನ್ನ ಮೈಯಲ್ಲೂ ಇತ್ತು. ಮೈಕಿನಲ್ಲಿ ರಾಜರ ಕುದುರೆಗಳ ಹಿಂದಿನಿಂದಲೇ ನನ್ನ ಬೊಬ್ಬೆ ಮೊಳಗಿತು:

"ಅಡಿಕೆ! ಅಡಿಕೆ ಬಾಚಿ! ಮಳೆ!"

ಕುರ್ಚಿಗಳು ಮಗುಚಿಬಿದ್ದವು. ಅಧ್ಯಕ್ಷರು ಕೊರಳ ಹಾರದೊಡನೆಯೇ ಓಡಿದರು. ಹೆಂಗಸರು ಸೆರಗು ಕಟ್ಟಿದರು. ನಾನು ಭಾಷಣ ಬಿಸಾಡಿ ಬ್ಯಾರಿಯವರ ಹರವಿಗೆ ಹಾರಿದೆ. ಅಧಿಕಾರಿ ಒಬ್ಬರೇ ಕುರ್ಚಿಯಲ್ಲಿ. "ಏನ್ರೀ ಇದು, ಸಭೆ ಮಧ್ಯೆ ಎಲ್ಲಿಗ್ರೀ ಓಡ್ತೀರಾ?" ಎನ್ನುವಷ್ಟರಲ್ಲಿ ಬ್ಯಾರಿಯವರು ಅವರ ಕೈಗೆ ಗೋಣಿ ಕೊಟ್ಟರು. "ಸ್ವಲ್ಪ ಬಾಯಿ ಅಗಲ ಮಾಡಿ ಹಿಡೀರಿ ಸ್ವಾಮಿ, ಪುಣ್ಯ ಬರ್ತದೆ." ಅವರು ಹಿಡಿದರು. ಎರಡನೆಯ ಗೋಣಿಯನ್ನು ಅವರಾಗಿಯೇ ಕೇಳಿ ಪಡೆದರು.

ಎಲ್ಲವನ್ನೂ ಹಾಲಿನೊಳಗೆ ಸುರಿದು ಬಾಗಿಲು ಹಾಕಿಕೊಂಡೆವು. ಹೊರಗೆ ಮಳೆ ಧೋ ಎಂದು ಹೊಯ್ಯಿತು. ಒಳಗೆ ಇಡೀ ಊರು, ನಡುವೆ ಅಡಿಕೆಯ ಗುಡ್ಡ, ಅದರ ಪಕ್ಕ ಕೆಸರಾದ ಬೂಟಿನ ಅಧಿಕಾರಿ. ಎಲ್ಲರೂ ತಲೆಯೆತ್ತಿ ಹಂಚಿನ ಮಾಡನ್ನೇ ನೋಡಿದೆವು. ಈಗ ಸೋರಿದರೆ ಅಡಿಕೆಯೂ ಹೋಯಿತು, ಹಾಲೂ ಹೋಯಿತು. ನಾನು ತಿಳಿದ ದೇವರನ್ನೆಲ್ಲ ನೆನೆದೆ.

ಒಂದು ಹನಿಯೂ ಬೀಳಲಿಲ್ಲ.

"ಸ್ವಾಮಿ, ಇತಿಹಾಸ ಇನ್ನೂ ಅರ್ಧ ಉಂಟು" ಎಂದೆ.

"ಇತಿಹಾಸ ಸಾಕು ಕಣ್ರೀ" ಎಂದರು ಅಧಿಕಾರಿ. "ಇಡೀ ಊರು ವರ್ಷದ ಬದುಕನ್ನ ತಂದು ನಂಬಿಕೆಯಿಂದ ಇದರ ಕೆಳಗೆ ಸುರಿದಿದೆ. ಇದನ್ನ ಕೆಡವಿ ಅಂತ ನಾನು ಹೇಗ್ರೀ ಬರೀಲಿ?"

ಚಪ್ಪಾಳೆ ಬಿತ್ತು. ನನ್ನ ಕಣ್ಣು ತುಂಬಿಬಂತು. ಹೊಳೆಯಾಚೆಯವರ ಮುಖ ನೆನೆದು ಇನ್ನಷ್ಟು ತುಂಬಿತು. ಅಧ್ಯಕ್ಷರು ತಮ್ಮ ಹಾರ ತೆಗೆದು ನನ್ನ ಕೊರಳಿಗೆ ಹಾಕಿದರು. ಬದುಕಿನಲ್ಲಿ ನನಗೆ ಬಿದ್ದ ಹಾರ ಅದೊಂದೇ.

ಅಷ್ಟರಲ್ಲಿ ಅಧಿಕಾರಿ ಕಿಟಕಿಯಿಂದ ಹೊರಗೆ ಬಗ್ಗಿ ನೋಡಿದರು. "ಅಲ್ರೀ, ವೇದಿಕೆ ಹಿಂದೆ ಒಂದು ರಾಶಿ ಬಿಟ್ಟೇ ಬಂದಿದ್ದೀರಲ್ಲ. ಎಲ್ಲಾ ನೀರಲ್ಲಿ ಹೋಗ್ತಾ ಇದೆ. ಅದು ಯಾರದ್ದು?"

ಯಾರಿಗೂ ಗೊತ್ತಿರಲಿಲ್ಲ. ನಾನು ಹಾರದ ಹೂಗಳನ್ನು ನೋಡತೊಡಗಿದೆ. ಹೆಂಗಸರ ಗುಂಪಿನ ನಡುವಿನಿಂದ ನನ್ನ ಹೆಂಡತಿಯ ಸ್ವರ ತಣ್ಣಗೆ ಕೇಳಿಸಿತು:

"ಅದಾ ಸ್ವಾಮಿ? ಅದು ಊರಿಗೆ ಉಪಕಾರಿಗಳದ್ದು."

ಗಾದೆಯ ಉಳಿದರ್ಧವನ್ನು ಅವಳು ಮನೆಗೆ ಬಂದ ಮೇಲೆ ಹೇಳಿದಳು.