ಡಿಜೆಲ್ ಲಾರಿಯ ಹಿಂದ ಹನ್ನೆರಡು ಮೈಲಿ

ಇಡೀ ಧಾರವಾಡ ಜಿಲ್ಲಾದಾಗ ಇಂಜಿನ್ನಿನ ಬಗ್ಗೆ ನನ್ನಷ್ಟು ವಿಚಾರ ಮಾಡಿದ ಮನುಷ್ಯಾ ಇನ್ನೊಬ್ಬ ಇರಲಿಕ್ಕಿಲ್ಲ! ಸ್ವಾತಂತ್ರ್ಯ ಬಂದ ವರ್ಷನ "ಈ ದೇವೇಂದ್ರಪ್ಪ ಹೊಸಾ ಲಾರಿ ತಗೋತಾನ" ಅಂತ ಬೆಟಗೇರಿ ಬಜಾರದಾಗ ನಿಂತು ಸಾರಿದ್ದೆ. ಆದ್ರ ಅವಸರ ಮೂರ್ಖರ ಲಕ್ಷಣ. ಇನ್ನೂ ಚಲೋ ಇಂಜಿನ್ ಬರೂದೈತಿ, ಬರಲಿ ಅಂದೆ. ಲಕ್ಷ್ಮೇಶ್ವರದಾಗ ಸಂಸ್ಥಾನದ ಆಳಿಕಿ ಮುಗೀತು, ನಾ ಕಾಯ್ದೆ. ಕರ್ನಾಟಕ ಒಂದಾತು, ಗದಗಿನ್ಯಾಗ ಪೇಡೆ ಹಂಚಿದ್ರು. ಪೇಡೆ ತಿಂದು ಮತ್ತ ಕಾಯ್ದೆ.

ನನ್ನ ಹಳೇ ಪೆಟ್ರೋಲ್ ಲಾರಿ ಮಹಾಯುದ್ಧದಾಗ ದಂಡಿನವರು ಬಳಸಿ ಬಿಟ್ಟದ್ದು. ಮುಂಡರಗಿಯಿಂದ ಹತ್ತಿ ಹೇರಿಕೊಂಡು ಬರೂದರಾಗ ಮೂರು ಸಲ ನೀರು ಕೇಳತಿತ್ತು. ನಾ ಹೊಸಾ ಇಂಜಿನ್ ಕಾಯತಿದ್ದೆ, ಹಳೇ ಇಂಜಿನ್ ತಾನ ಕಾಯತಿತ್ತು!

ಮರುವರ್ಷ ಗದಗಿನ ಅಂಗಡಿಗೆ ಡಿಜೆಲ್ ಲಾರಿ ಬಂತು. ಏನ್ರೀ ಅದರ ಗತ್ತು! ಏಜಂಟ ಚಾಲೂ ಮಾಡಿದ ಕೂಡ್ಲೆ ನೆಲಾ ನಡುಗಿತು. ನನಗ ಅರಿವಿಲ್ಲದಂಗ ಚಪ್ಪಲಿ ಬಿಟ್ಟು ಕೈ ಮುಗದಿದ್ದೆ.

"ಮುಂದಿನ ವರ್ಷ ಇದಕ್ಕಿಂತ ಚಲೋದು ಬರತೈತೇನು?"

"ಬರತೈತ್ರಿ" ಅಂದ ಆ ಸತ್ಯಹರಿಶ್ಚಂದ್ರ.

ಚಪ್ಪಲಿ ಮೆಟ್ಟಿಕೊಂಡು ಮನಿಗೆ ಬಂದೆ. ನನ್ನ ಹೆಂಡತಿ ಅಮೃತವ್ವ ಹೊಸ್ತಿಲದಾಗ ನಿಂತಿದ್ಲು.

"ತಗೊಂಡ್ರ್ಯಾ?"

"ಮುಂದಿನ ವರ್ಷ ಇನ್ನೂ ಚಲೋ..."

"ಅಳಿಯನ್ನ ಆರಿಸುವಾಗ ನಮ್ಮಪ್ಪಾನೂ ಹಿಂಗ ಅಂದಿದ್ರ ನನ್ನ ಬಾಳೇವು ಸುಧಾರಿಸತಿತ್ತು!"

ಅಷ್ಟರಾಗ ಮಗಳ ಲಗ್ನ ಗೊತ್ತಾತು. ವರ ಹಿರೇವಡ್ಡಟ್ಟಿಯವ. ಬೀಗ ವಿರೂಪಾಕ್ಷಪ್ಪ "ಚಕ್ಕಡಿ ಕಟ್ಟಿಕೊಂಡು ಬರತೀವ್ರಿ" ಅಂದ್ರು.

"ಲಾರಿ ಮಾಲಕನ ಬೀಗರು ಚಕ್ಕಡಿದಾಗ? ಛೇ ಛೇ! ನಾನ ಬಂದು ಕರಕೊಂಡು ಹೋಗತೀನಿ!"

ಲಗ್ನದ ದಿನ ಮುಂಜಾನೆ ನಲವತ್ತು ಮಂದಿ ದಿಬ್ಬಣ ಹತ್ತಿಸಿಕೊಂಡು ನಮ್ಮ ಬೆಟಗೇರಿಗೆ ಹೊಂಟೆ. ಡಂಬಳ ದಾಟಿ ಏರು ಹತ್ತಿದ್ವಿ. ಲಾರಿ ಹಾವಿನಂಗ ಬುಸುಗುಟ್ಟಿತು, ಕೆಮ್ಮಿತು, ನಿಂತಬಿಟ್ಟಿತು. ಬೀಗಿತ್ತಿ ಕುಡಿಯಾಕ ತಂದ ನೀರೆಲ್ಲಾ ಅದರ ಬಾಯಿಗೆ ಸುರುವಿದೆ. ಉಸಿರಿಲ್ಲ! ಮುಹೂರ್ತಕ್ಕ ಎರಡ ತಾಸು. ಎಲ್ಲಾರೂ ಇಳದು ನೂಕಿದ್ರು. ಬಾಸಿಂಗಾ ತಾಯಿ ಕೈಯಾಗ ಕೊಟ್ಟು ವರಾನೂ ನೂಕಿದ.

ವಿರೂಪಾಕ್ಷಪ್ಪ ಬೆವರು ಒರಸಿಕೊಂಡ್ರು. "ಬೀಗರ, ಚಕ್ಕಡಿ ಆಗಿದ್ರ ಎತ್ತು ಎಳೀತಿದ್ವು. ಈಗ ನಾವ ಎತ್ತಾದ್ವಿ! ಮುಹೂರ್ತ ತಪ್ಪಿದ್ರ ನಾವು ತಿರುಗಿ ಊರಿಗೆ, ನೋಡ್ರಿ."

ಮಗಳು ಅರಿಷಿಣಾ ಹಚ್ಚಿಕೊಂಡು ಕುಂತಾಳ!

ಆಗ ಹಿಂದ ನೆಲಾ ನಡುಗಿತು. ಅಂಗಡ್ಯಾಗ ನೋಡಿದಂಥಾದ್ದ ಡಿಜೆಲ್ ಲಾರಿ! ಹೊಡಿಯಾವ ದಾದಾಪೀರ, ಎಷ್ಟೋ ವರ್ಷದಿಂದ ನನ್ನ ಲಾರಿ ರಿಪೇರಿ ಮಾಡಾಕತ್ತ ಗದಗಿನ ಮಿಸ್ತ್ರಿ.

"ಸಾಹುಕಾರ್ರ, ಹಗ್ಗ ಐತೇನ್ರಿ?"

ದಿಬ್ಬಣ ಅವನ ಲಾರಿದಾಗ ಹೇರಿದ್ದ ಹತ್ತಿ ಅಂಡಿಗಿ ಮ್ಯಾಲೆ ಕುಂತಿತು. ನನ್ನ ಲಾರಿ ಹಿಂದ ಕಟ್ಟಿದ್ರು. ಅಂಡಿಗಿ, ನಲವತ್ತು ಬೀಗರು, ಒಂದು ಸತ್ತ ಲಾರಿ, ಅದರಾಗ ನಾನು! ಇಷ್ಟನ್ನೂ ಎಳಕೊಂಡು ಅದು ಏರು ಹತ್ತಿತು. ಏರು ಇತ್ತು ಅನ್ನೂದ ಅದಕ್ಕ ಗೊತ್ತಾಗಲಿಲ್ಲ! ನಾ ಬಾಯಿ ತಗದು ನೋಡಿದೆ, ಬಾಯಿ ತುಂಬ ಧೂಳಾತು. ಹತ್ತು ವರ್ಷ ನಾ ಕಾಯ್ದ ಇಂಜಿನ್ ಮುಂದ ಹೊಂಟಿತ್ತು, ನಾ ಅದರ ಧೂಳಿ ಕುಡಕೋತ ಹಿಂದ ಹೊಂಟಿದ್ದೆ.

ಮುಹೂರ್ತ ಸಿಕ್ಕಿತು. ಅಕ್ಷತಾ ಬಿದ್ದ ಮ್ಯಾಲೆ ದಾದಾಪೀರನ ಕೈ ಹಿಡಕೊಂಡೆ.

"ನನ್ನ ಮಾನ ಉಳಿಸಿದಿಯಪ್ಪಾ! ಯಾವ ಪುಣ್ಯಾತ್ಮರ ಲಾರಿ ಅದು? ಅವರ ಕಾಲಿಗೆ ಬೀಳತೀನಿ!"

ದಾದಾಪೀರ ತಲಿ ಕೆರಕೊಂಡ. "ಅರ್ಧಾ ನಂದ್ರಿ. ಉಳಿದರ್ಧಾ... ಅಕ್ಕಾರ್ದು."

ತಿರುಗಿ ನೋಡಿದ್ರ ಅಮೃತವ್ವ! ಆಕಿ ಕೈ ನೋಡಿದೆ. ಬಂಗಾರದ ಬಳಿ, ಬಿಲ್ವಾರ ಒಂದೂ ಇಲ್ಲ! ಯಾವಾಗಿಂದ ಇಲ್ಲ? ಇಂಜಿನ್ ನೋಡೂದರಾಗ ಹೆಂಡತಿ ಕೈ ನೋಡೂದ ಮರತಿದ್ದೆ.

"ನನಗ್ಯಾಕ ಹೇಳಲಿಲ್ಲ?" ಅಂದೆ.

"ಹೇಳಿದ್ರ ತಡಿ ಅಂತಿದ್ರಿ. ಕಾಲಿಗೆ ಗೀಲಿಗೆ ಬೀಳೂದು ಬ್ಯಾಡ, ಬೀಗರು ನೋಡತಾರ. ಸೋಮವಾರ ಲಾರಿ ಶಿರಹಟ್ಟಿಗೆ ಹೊಂಡತೈತಿ, ದಾದಾಪೀರಗ ಒಬ್ಬ ಕ್ಲೀನರ್ ಬೇಕಾಗ್ಯಾನ. ಬರತೀರೇನು?"

ನಾ ಒಂದ ಮಾತು ಕೇಳಿದೆ: "ಎಷ್ಟೊತ್ತಿಗೆ ಬರಲಿ?"